ಹಾಲು ಉಕ್ಕದ ಮನೆ

ಮಾದಸ್ವಾಮಿಗೆ ನಲವತ್ತು ತುಂಬಿದ ವರ್ಷವೇ ಹೊಳೆಮಾಳದ ಜನಕ್ಕೆ ಹೊಸ ಮನೆಗಳು ಸಿಕ್ಕಿದವು. ಅವನಿಗೆ ಸಿಗಲಿಲ್ಲ.

ಹೊಳೆಮಾಳ ಕೊಳ್ಳೇಗಾಲದ ಕಡೆಯ ಕಾವೇರಿ ದಂಡೆಯ ಊರು. ಮೇಲೆ ಅಣೆಕಟ್ಟುಗಳ ಬಾಗಿಲು ತೆರೆದಾಗಲೆಲ್ಲ ಕೆಳಬೀದಿಗೆ ನೀರು ನುಗ್ಗುತ್ತಿತ್ತು. ಜನ ಪಾತ್ರೆ, ಕರು, ಮುದುಕರನ್ನು ಎತ್ತಿಕೊಂಡು ಶಾಲೆಯ ಜಗಲಿಗೆ ಹೋಗಿ ಕೂರುತ್ತಿದ್ದರು. ನೀರು ಇಳಿದ ಮೇಲೆ ಕೆಸರು ಬಾಚಿ ಮತ್ತೆ ಅದೇ ಒಲೆ ಹಚ್ಚುತ್ತಿದ್ದರು. ಹೀಗೆ ಎಷ್ಟೋ ವರ್ಷ ನಡೆದ ಮೇಲೆ ಸರ್ಕಾರ ದಂಡೆಗೆ ಒಡ್ಡು ಹಾಕಿಸಿತು. ಒಡ್ಡಿನ ಮೇಲೆ ಟಾರು ರಸ್ತೆ ಬಂತು. ರಸ್ತೆಯಾಚೆಯ ದಿಣ್ಣೆಯ ಮೇಲೆ ಒಂದೇ ಅಚ್ಚಿನ ಸಾಲು ಮನೆಗಳು ಎದ್ದವು. ಕೊಳ್ಳೇಗಾಲದ ದಾರಿಯಲ್ಲಿ ಒಂದು ಗಾರ್ಮೆಂಟ್ಸ್ ಶುರುವಾಯಿತು. ನಾಟಿ ಹಾಕುತ್ತಿದ್ದ ಹೆಂಗಸರು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಹೊಲಿಗೆ ಯಂತ್ರದ ಮುಂದೆ ಕೂತರು. ಮಾದಸ್ವಾಮಿಯ ಗದ್ದೆಯ ಬಹುಪಾಲು ಒಡ್ಡಿನ ಕೆಳಗೆ ಸೇರಿಹೋಗಿತ್ತು. ಅವನು ಟ್ರ್ಯಾಕ್ಟರು ಬಿಟ್ಟು ಅದೇ ಹೆಂಗಸರನ್ನು ಫ್ಯಾಕ್ಟರಿಗೆ ಕರೆದೊಯ್ಯುವ ಬಸ್ಸಿನ ಡ್ರೈವರಾದ.

ಮದುವೆಯಾಗದ ಗಂಡಸಿಗೆ ಇದಕ್ಕಿಂತ ದೊಡ್ಡ ಪರೀಕ್ಷೆ ಇರಲಿಕ್ಕಿಲ್ಲ. ಬೆಳಿಗ್ಗೆ ಬಸ್ಸು ತುಂಬ ಮಲ್ಲಿಗೆ, ಪೌಡರು, ಮಾತು. ಅಷ್ಟೂ ಜನ ಅವನನ್ನು ಅಣ್ಣ ಎನ್ನುತ್ತಿದ್ದರು.

“ಮಾದಣ್ಣ, ಇವತ್ ಶರ್ಟು ಇಸ್ತ್ರಿ ಕಂಡದ! ಯಾವೂರ್ಗ ಎಣ್ ನೋಡಕ ಓಯ್ತಿದ್ದೀಯೆ?”

“ಸುಮ್ಕ ಕೂತ್ಕೋ ತಾಯಿ. ಬ್ರೇಕ್ ಆಕಬುಟ್ಟೀನು.”

“ಆಕು, ಆಕು. ನೀ ಬ್ರೇಕ್ ಆಕಿ ಆಕಿನೇ ಇಂಗ ನಿಂತೋಗಿರೋದು.”

ಬಸ್ಸೆಲ್ಲ ನಗುತ್ತಿತ್ತು. ಅವನೂ ನಗುತ್ತಿದ್ದ. ಫ್ಯಾಕ್ಟರಿ ಗೇಟಿನಲ್ಲಿ ಅವರೆಲ್ಲ ಇಳಿದು ಹೋದ ಮೇಲೆ ಸಂಜೆಯವರೆಗೆ ಅವನ ಜೊತೆ ಮಾತಾಡುವವರು ಯಾರೂ ಇರಲಿಲ್ಲ.

ಹೆಣ್ಣು ಹುಡುಕಲಿಲ್ಲ ಎಂದಲ್ಲ. ಅಪ್ಪ ಸತ್ತಾಗ ಅವನಿಗೆ ಇಪ್ಪತ್ತಾರು; ತಮ್ಮ ಶಾಂತಮೂರ್ತಿ ಚಿಕ್ಕವನು. ಆಮೇಲೆ ನೋಡಿದ ಹೆಣ್ಣುಗಳ ಕಡೆಯವರು ಕೇಳಿದ್ದು ಒಂದೇ: ಕೆಲಸ ಏನು? ಬೇಸಾಯ ಎಂದರೆ ಕಾಫಿ ಲೋಟ ಅರ್ಧಕ್ಕೇ ಕೆಳಗಿಡುತ್ತಿದ್ದರು. ಊರು ಯಾವುದು? ಹೊಳೆಮಾಳ ಎಂದರೆ ಮಿಕ್ಕ ಅರ್ಧವೂ ಅಲ್ಲೇ ಉಳಿಯುತ್ತಿತ್ತು. ಇಷ್ಟರಲ್ಲಿ ಶಾಂತಮೂರ್ತಿಗೆ ಒಂದು ಒಳ್ಳೆಯ ಸಂಬಂಧ ಬಂತು. ಅಣ್ಣನಾದವನು ದಾರಿ ಬಿಡಬೇಕಾಯಿತು. ಬಿಟ್ಟ. ಒಂದು ವರ್ಷ ಇವನಂಥ ಗಂಡುಗಳು ಒಂದಷ್ಟು ಜನ ಸೇರಿ, ಹೆಣ್ಣು ಕೊಡಿಸಪ್ಪ ಎಂದು ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದಾಗ ಅವನೂ ಹೋಗಿದ್ದ. ಹನೂರು ದಾಟಿದ ಮೇಲೆ ಯಾರೋ ಮಜ್ಜಿಗೆ ಕೊಟ್ಟರು, ಯಾರೋ ಮೊಬೈಲಿನಲ್ಲಿ ಚಿತ್ರ ಹಿಡಿದರು. ಮಾದಪ್ಪ ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ.

ಮನೆ ಹಂಚುವ ಕಾಲಕ್ಕೆ ಕಚೇರಿಯಲ್ಲಿ ಅವನ ಹೆಸರು ಶಾಂತಮೂರ್ತಿಯ ಕುಟುಂಬದೊಳಗೆ ಸೇರಿಹೋಗಿತ್ತು.

“ನಂದು ಬ್ಯಾರೆ ಸಾ. ವೋಟೂ ಬ್ಯಾರೆ, ಜಮೀನ್ ಪಾಣಿನೂ ಬ್ಯಾರೆ,” ಎಂದ.

“ಮದುವೆ ಆಗಿದೆಯಾ?” ಎಂದರು ಸಾಹೇಬರು.

“ಇಲ್ಲ ಸಾ.”

“ಮತ್ತೆ ಕುಟುಂಬ ಹೇಗಾಗುತ್ತೆ? ಗಂಡ ಹೆಂಡತಿ ಇದ್ದರೆ ಒಂದು ಮನೆ. ನಿಯಮ ಹಾಗಿದೆ.”

“ಮನ ಇಲ್ದೋನ್ಗ ಎಣ್ ಯಾರ್ ಕೊಟ್ಟರು ಸಾ?”

ಸಾಹೇಬರು ಕೆಟ್ಟವರಲ್ಲ. ನಕ್ಕು, “ಯುಗಾದಿ ಹೊತ್ತಿಗೆ ಎರಡನೇ ಪಟ್ಟಿ ಆಗುತ್ತೆ. ಅಷ್ಟರೊಳಗೆ ಮದುವೆ ಮಾಡ್ಕೊಂಡು ಬನ್ನಿ, ಸೇರಿಸೋಣ,” ಎಂದರು.

ಹೀಗಾಗಿ ಮಾದಸ್ವಾಮಿ ತಮ್ಮನ ಹೊಸ ಮನೆಯ ನಡುಮನೆಯಲ್ಲಿ ಮಲಗತೊಡಗಿದ. ಹಳೆಯ ಮನೆಗೆ ಜಗಲಿಯಿತ್ತು, ಹಿತ್ತಲಿತ್ತು, ಕೊಟ್ಟಿಗೆಯಿತ್ತು. ಗಂಡಸೊಬ್ಬ ಯಾರ ಕಣ್ಣಿಗೂ ಅಡ್ಡವಾಗದೆ ಬದುಕಬಹುದಿತ್ತು. ಇಲ್ಲಿ ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಬಾವ ನಡುಮನೆಯಲ್ಲಿದ್ದರೆ ತಮ್ಮನ ಹೆಂಡತಿ ಪವಿತ್ರ ಕಾಲು ಚಾಚುವಂತಿಲ್ಲ, ಟಿವಿ ಹಾಕುವಂತಿಲ್ಲ. ಅದನ್ನು ಅರಿತು ಮಾದಸ್ವಾಮಿ ಊಟದ ಹೊತ್ತಿನವರೆಗೆ ಒಡ್ಡಿನ ಮೇಲೆ ಅಡ್ಡಾಡುತ್ತಿದ್ದ. ಮಳೆ ಬಂದರೆ ನಿಂತ ಬಸ್ಸಿನೊಳಗೆ ಹೋಗಿ ಕೂರುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಹೆಣ್ಣು ಗಂಡು ಕೂಡಿಸುವ ಪುಟ್ಟಮಲ್ಲಪ್ಪ ಬಂದ. ಕೌದಳ್ಳಿಯಲ್ಲಿ ಒಂದು ಹೆಣ್ಣಿದೆ, ಹೆಸರು ದಾಕ್ಷಾಯಿಣಿ, ತಾಯಿ ಹಾಸಿಗೆ ಹಿಡಿದಿದ್ದರಿಂದ ಮದುವೆ ತಡವಾಯಿತು, ಈಗ ತಾಯಿ ಇಲ್ಲ. ಅಪ್ಪ ಶಿವಮಲ್ಲಪ್ಪನದು ಬೆಟ್ಟದ ರಸ್ತೆಯಲ್ಲಿ ದಿನಸಿ ಅಂಗಡಿ. ನಮ್ಮವರೇ.

“ನನ್ನ ಸಂಗ್ತಿ ಏಳಿದ್ದೀಯೇನಪ್ಪ?” ಎಂದು ಕೇಳಿದ ಮಾದಸ್ವಾಮಿ.

“ಎಲ್ಲ ಏಳಿವ್ನಿ. ಗಾರ್ಮೆಂಟ್ಸ್ ಬಸ್ ಡ್ರೈವರು, ಕುಡಿಯಲ್ಲ, ಒಸ ಬಡಾವಣೇಲಿ ಮನ ಅದ ಅಂತ.”

“ಮನ ಎಲ್ಲದ?”

“ಯುಗಾದಿಗ ಬತ್ತದಲ್ಲ? ಬರೋದ್ನ ಅದ ಅಂದ್ರ ಸುಳ್ಳಾದ್ದಾ? ನೀ ಬಾಯ್ ಮುಚ್ಕಂಡ್ ಬಾ.”

ಹೋದರು. ಅಂಗಡಿಯ ಹಿಂದೆಯೇ ಮನೆ. ಹೆಣ್ಣು ಸಿಂಗಾರವಾಗಿ ಬಂದು ಕೂರುವ ಮುಂಚೆಯೇ ಮಾದಸ್ವಾಮಿ ಅವಳನ್ನು ಕಂಡಿದ್ದ. ಅಪ್ಪ ಒಳಗೆ ಚಾಪೆ ಹಾಸುತ್ತಿದ್ದಾಗ ಅವಳು ಯಾರಿಗೋ ಬೆಲ್ಲ ತೂಗಿ, ಪೊಟ್ಟಣ ಕಟ್ಟಿ, ದಾರವನ್ನು ಹಲ್ಲಿನಿಂದ ಕಡಿದು ಕೊಟ್ಟಳು. ಬಂದವರ ಕಡೆ ತಿರುಗಿ ನೋಡುವ ಅವಸರ ಅವಳಿಗಿರಲಿಲ್ಲ. ಅದು ಅವನಿಗೆ ಹಿಡಿಸಿತು. ಹಿಂದಿರುಗುವಾಗ ಬಸ್ಸಿನಲ್ಲಿ ಪುಟ್ಟಮಲ್ಲಪ್ಪ ಏನು ಹೇಳಿದನೆಂಬುದು ಅವನಿಗೆ ನೆನಪಿಲ್ಲ.

ಕೌದಳ್ಳಿಯವರೂ ಒಪ್ಪಿದರು. ಆದರೆ ಮನೆ ನೋಡದೆ ಹೆಣ್ಣು ಕೊಡುವ ರೂಢಿ ಆ ಕಡೆಯಲ್ಲಿ ಇಲ್ಲ. ಬರುವ ಭಾನುವಾರ ಮನೆ ನೋಡಲು ಬರುತ್ತೇವೆ ಎಂದು ಹೇಳಿ ಕಳಿಸಿದರು. ಮನೆ ನೋಡಲು ಬಂದವರು ಕಾಫಿ ಕುಡಿಯಬಹುದು, ಬಾಳೆಹಣ್ಣು ಮುಟ್ಟಬಹುದು. ಎಲೆಯ ಮುಂದೆ ಕೂತರೆ ಮಾತ್ರ ಒಪ್ಪಿದ ಹಾಗೆ.

ಉಪಾಯ ಹುಡುಕಿದವನು ಶಾಂತಮೂರ್ತಿ. ಪಕ್ಕದ ಮನೆ ಮಾರಯ್ಯನದು. ಹಳೆಯ ಊರಿನಲ್ಲಿ ಮಾರಯ್ಯನ ಬೀದಿಗೂ ಇವರ ಬೀದಿಗೂ ನಡುವೆ ಒಂದು ಕಾಲುವೆಯಿತ್ತು, ಕಾಲುವೆಗಿಂತ ಹಳೆಯ ಕಟ್ಟುಪಾಡಿತ್ತು. ಚೀಟಿ ಎತ್ತಿ ಮನೆ ಹಂಚಿದ್ದರಿಂದ ಈಗ ನಡುವೆ ಎದೆಮಟ್ಟದ ಒಂದು ಗೋಡೆಯಿದೆ. ಮಾರಯ್ಯ ಹೆಂಡತಿ ಮಕ್ಕಳೊಡನೆ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದ. ಕರೆಂಟಿನವರು ಮೀಟರು ಹಾಕಲು ಬಂದರೆ ಬಾಗಿಲು ತೆಗೆಯಲಿ ಎಂದು ಬೀಗದ ಕೈಯನ್ನು ಪವಿತ್ರಳ ಕೈಗೆ ಕೊಟ್ಟಿದ್ದ. ಅವನು ಬಂದು ಒಕ್ಕಲಾಗುವುದು ಇನ್ನೂ ದೂರವಿತ್ತು.

“ಒಂದ್ ದಿವ್ಸಕ್ಕ ಏನಣ್ಣ?” ಎಂದ ಶಾಂತಮೂರ್ತಿ. “ಮಂಚ ಆಕವ, ಪಾತ್ರ ಜೋಡ್ಸವ, ಅಪ್ಪನ್ ಫೋಟೋ ನೇತಾಕವ. ಎಲ್ಲ ಮನನೂ ಒಂದೇ ತರ ಅವ. ಬ್ರಹ್ಮಂಗೂ ಗೊತ್ತಾಗಲ್ಲ.”

ಮಾದಸ್ವಾಮಿ ಬೇಡ ಎನ್ನಲಿಲ್ಲ. ಮಾರಯ್ಯನನ್ನು ಕೇಳಬೇಕೆಂದು ಮನಸ್ಸಿಗೆ ಬಂತು. ಕೇಳಿದರೆ ಊರಿಗೆಲ್ಲ ತಿಳಿಯುತ್ತದೆ ಎಂದು ಕೇಳಲಿಲ್ಲ.

ಪವಿತ್ರ ಮಾತ್ರ ಒಂದು ಮಾತಿಗೆ ಹಟ ಹಿಡಿದಳು. “ನೀವೇನಾರ ಮಾಡ್ಕಳಿ ಬಾವ. ಆ ಮನಲಿ ನಾ ಒಲ ಅಚ್ಚಲ್ಲ.”

“ಯಾಕವ್ವ?”

“ಅವ್ರಿನ್ನೂ ಆಲುಕ್ಕಿಸಿಲ್ಲ. ಮಾರಯ್ಯನ್ ಎಡ್ತಿ ಬಂದು ಮೊದ್ಲ ಬೆಂಕಿ ಆಕಿ ಆಲುಕ್ಕಿಸ್ಬೇಕು. ನಾ ಓಗಿ ಆಕುದ್ರ ಆ ತಾಯ್ಗ ಏನ್ ಉಳೀತು? ಆ ಪಾಪ ನನ್ಗ ಬ್ಯಾಡ.”

ಸುಳ್ಳು ಮನೆ ತೋರಿಸುವುದು ಅವಳಿಗೆ ಪಾಪವೆನಿಸಲಿಲ್ಲ. ಇನ್ನೊಬ್ಬಳ ಮನೆಯ ಮೊದಲ ಬೆಂಕಿ ತಾನು ಹಾಕುವುದು ಪಾಪವಾಗಿತ್ತು. ನಮ್ಮ ಜನರ ಧರ್ಮ ಹೀಗೆ ಎಲ್ಲೋ ಒಂದು ಕಡೆ ಕಾಲೂರಿ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆಂದು ಮೊದಲೇ ಹೇಳಲಾಗದು. ಗಂಡಸರಿಬ್ಬರೂ ಒಪ್ಪಿಕೊಂಡರು. ಅಡುಗೆ, ಕಾಫಿ ಎಲ್ಲ ತನ್ನ ಮನೆಯಲ್ಲಿ ಮಾಡಿ ಹಿಂದಿನ ಗೋಡೆಯ ಮೇಲಿಂದ ದಾಟಿಸುವುದಾಗಿ ಅವಳು ಹೇಳಿದಳು.

ಭಾನುವಾರ ಬಿಸಿಲೇರುವ ಹೊತ್ತಿಗೆ ಕೌದಳ್ಳಿಯವರು ಬಂದರು. ಶಿವಮಲ್ಲಪ್ಪ, ಅವನ ನಾದಿನಿ, ಜೊತೆಗೆ ದಾಕ್ಷಾಯಿಣಿ. ಮನೆ ನೋಡಲು ಹೆಣ್ಣು ತಾನೇ ಬರುವುದು ಪದ್ಧತಿಯಲ್ಲ. ಪುಟ್ಟಮಲ್ಲಪ್ಪ ಹುಬ್ಬು ಹಾರಿಸಿದ್ದಕ್ಕೆ ಅವಳು, “ಇರೋಳು ನಾನಲ್ವ?” ಎಂದಳು. ಅಷ್ಟಕ್ಕೇ ಆ ಮಾತು ಮುಗಿಯಿತು.

ಶಿವಮಲ್ಲಪ್ಪ ಗೋಡೆ ತಟ್ಟಿ ನೋಡಿದ. ಒಡ್ಡಿನ ಮೇಲೆ ನಿಂತು ಹೊಳೆ ನೋಡಿದ. “ಇನ್ ಮ್ಯಾಲ ನೀರ್ ಬರಲ್ವಲ್ಲ?” ಎಂದ. ನಾದಿನಿ ಕೋಣೆಯ ಕಿಟಕಿ ಎಣಿಸಿದಳು, ನಲ್ಲಿ ತಿರುಗಿಸಿದಳು, “ಬಚ್ಚಲು ಚಿಕ್ದಾಯ್ತು” ಎಂದಳು. ಮಾದಸ್ವಾಮಿ ಅಪ್ಪನ ಫೋಟೋದ ಕೆಳಗೆ ಕೈಕಟ್ಟಿ ನಿಂತಿದ್ದ. ಎಲ್ಲವೂ ಸರಿಯಾಗಿತ್ತು. ಒಂದು ಗಳಿಗೆ ಅವನಿಗೇ ಅದು ತನ್ನ ಮನೆ ಅನ್ನಿಸಿತು.

ದಾಕ್ಷಾಯಿಣಿ ಅಡುಗೆಮನೆಗೆ ಹೋದಳು. ಕಲ್ಲಿನ ಕಟ್ಟೆಯ ಮೇಲೆ ಗ್ಯಾಸಿನ ಒಲೆ, ಬೋರಲು ಹಾಕಿದ ಪಾತ್ರೆಗಳು. ಒಲೆಯಿಂದ ಸಿಲಿಂಡರಿಗೆ ಕೊಳವೆಯೇ ಇರಲಿಲ್ಲ. ಗೋಡೆಗೆ ಒಗ್ಗರಣೆಯ ಒಂದು ಹನಿಯೂ ಸಿಡಿದಿರಲಿಲ್ಲ. ಕಿಟಕಿಯಿಂದ ನೋಡಿದರೆ ಆಚೆ ಮನೆಯ ಹೆಂಗಸು ಹಿಂದಿನ ಗೋಡೆಯ ಮೇಲಿಂದ ಕಾಫಿ ತಟ್ಟೆ ದಾಟಿಸುತ್ತಿದ್ದಾಳೆ, ಗಂಡಿನ ತಮ್ಮ ಕೈಚಾಚಿ ಇಸಿದುಕೊಳ್ಳುತ್ತಿದ್ದಾನೆ.

ಅವಳು ಹೊರಗೆ ಬಂದು, “ಅಪ್ಪ, ಇವ್ರ್ ಕುಟ್ಟ ಒಂದೆರಡ್ ಮಾತಾಡ್ಬೇಕು,” ಎಂದಳು. ಉಳಿದವರು ಕಾಫಿ ಹಿಡಿದು ಬಾಗಿಲಾಚೆ ಬಿಸಿಲಿಗೆ ಹೋದರು.

“ಈ ಮನಲಿ ಆಲುಕ್ಕಿಸಿಲ್ಲ, ಅಲ್ವ?” ಎಂದಳು.

ಒಳ್ಳೆಯ ದಿನ ಸಿಗಲಿಲ್ಲ, ಮುಂದಿನ ಸೋಮವಾರ ಉಕ್ಕಿಸುತ್ತೇವೆ ಎನ್ನಬಹುದಿತ್ತು. ಆ ಮಾತು ತಾನಾಗಿಯೇ ಅವನ ನಾಲಗೆಯ ತುದಿಗೆ ಬಂದಿತ್ತು ಕೂಡ. ಅವಳು ನೆಟ್ಟಗೆ ನೋಡುತ್ತಿದ್ದಳು.

“ಇದು ನನ್ ಮನ ಅಲ್ಲ,” ಎಂದ.

“ಯಾರ್ದು?”

“ಮಾರಯ್ಯ ಅಂತ. ಕೊಡಗ್ಗ ಓಗವ್ರ.”

“ನಿಮ್ದು ಯಾವ್ದು?”

“ಇಲ್ಲ. ಮದ್ವ ಆಗಿದ್ರ ಕೊಡ್ತರಂತ. ಯುಗಾದಿ ಒಳಗ.”

ಅವಳು ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಕೋಪ ಬಂದ ಹಾಗೆ ಕಾಣಲಿಲ್ಲ. “ಅದ್ಕೇಯ ಈ ಅವಸರ. ನಮ್ಮಪ್ಪಂಗ ನನ್ ಕಳ್ಸಕ ಮನ ಬೇಕು; ನಿಮ್ಗ ಮನ ಸಿಕ್ಕಕ ನಾ ಬೇಕು.”

“ಅಂಗಲ್ಲ...”

“ಒಂದ್ ಕೇಳ್ತೀನಿ. ಆ ಸಾಹೇಬ್ರು ಎಡ್ತಿ ಇಲ್ದೆನೂ ನಿಮ್ಗ ಮನ ಕೊಟ್ಟುಬುಟ್ಟಿದ್ರ, ಇವತ್ ನೀವು ನಮ್ಮುನ್ನ ಕರೀತಿದ್ರಾ?”

ಹತ್ತು ವರ್ಷದ ಹಿಂದೆ ಯಾರಾದರೂ ಕೇಳಿದ್ದರೆ ಅವನು ಯೋಚಿಸದೆ ಹೌದು ಎನ್ನುತ್ತಿದ್ದ. ಈಗಲೂ ಹಾಗನ್ನಲು ಬಾಯಿ ತೆರೆದ. ಆದರೆ ಅವನ ಕಣ್ಣ ಮುಂದೆ ಬಂದದ್ದು ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು, ಕಾಲು ನೀಡಿ ಮಲಗಬಹುದಾದ ನೆಲ, ಯಾರ ಮರ್ಜಿಯೂ ಬೇಡದ ಒಂದು ದೀಪ. ಆ ಮನೆಯೊಳಗೆ ಹೆಂಗಸಿನ ಸುಳಿವು ಇತ್ತೋ ಇಲ್ಲವೋ ಎಂದು ಅವನು ಹುಡುಕಿದ. ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು.

“ಗೊತ್ತಿಲ್ಲ,” ಎಂದ.

“ಸರಿ,” ಎಂದಳು ದಾಕ್ಷಾಯಿಣಿ. ಸೆರಗು ಸರಿಮಾಡಿಕೊಂಡು ಹೊರಗೆ ಹೋದಳು.

ಹೊರಗೆ ಗೋಡೆಯ ನೆರಳಿನಲ್ಲಿ ಪವಿತ್ರ ಆಗಲೇ ಎಲೆ ಹಾಕಲು ಶುರುಮಾಡಿದ್ದಳು. ಒಬ್ಬಟ್ಟಿನ ವಾಸನೆ ಗೋಡೆ ದಾಟಿ ಬರುತ್ತಿತ್ತು. ಶಿವಮಲ್ಲಪ್ಪ ಕೈ ತೊಳೆಯಲು ಚೊಂಬು ತೆಗೆದುಕೊಂಡಿದ್ದ.

“ಬಿಸ್ಲು ಜಾಸ್ತಿಯಾಯ್ತದ ಅಪ್ಪ. ಓಗವ,” ಎಂದಳು ಮಗಳು.

“ಎಲ ಆಕವ್ರಲ್ಲವ್ವ?”

“ಇನ್ನೊಂದ್ ದಿವ್ಸ ಉಣ್ಣವ.”

ಅದರ ಅರ್ಥ ಎಲ್ಲರಿಗೂ ಆಯಿತು. ಶಿವಮಲ್ಲಪ್ಪ ಚೊಂಬು ಕೆಳಗಿಟ್ಟ. ಆಟೋ ಒಡ್ಡಿನ ರಸ್ತೆಯಲ್ಲಿ ಸಣ್ಣದಾಗುತ್ತ ಹೋಯಿತು.

ಪುಟ್ಟಮಲ್ಲಪ್ಪ ಮಾದಸ್ವಾಮಿಯ ತೋಳು ಹಿಡಿದು ಒಳಗೆಳೆದ. “ಏನಂದ್ಯಲಾ ಅವುಳ್ಗ?”

“ಗೊತ್ತಿಲ್ಲ ಅಂದಿ.”

“ಗೊತ್ತಿಲ್ಲ ಅನ್ನಕ ನಿಂಗ ನಲ್ವತ್ ವರ್ಸ ಬೇಕಾಯ್ತಾ? ಅಷ್ಟ್ ಅನ್ನಕ ನಾ ಯಾಕಲಾ ಬೇಕಿತ್ತು? ದನ ಕಾಯೋನ್ ಕೇಳುದ್ರೂ ಅಂತಿದ್ದ!” ಬೈದವನೇ ಪವಿತ್ರ ಹಾಕಿದ್ದ ಎಲೆಯ ಮುಂದೆ ಕೂತು ನಾಲ್ಕು ಒಬ್ಬಟ್ಟು ತಿಂದು, ಎಲೆಯಡಿಕೆ ಹಾಕಿಕೊಂಡೇ ಹೋದ.

ಮಧ್ಯಾಹ್ನವೆಲ್ಲ ಅಣ್ಣತಮ್ಮಂದಿರು ಮಂಚ, ಪಾತ್ರೆ, ಫೋಟೋ ಹೊತ್ತು ವಾಪಸು ತಂದರು. ಮಾದಸ್ವಾಮಿ ಆ ಮನೆಯನ್ನು ಗುಡಿಸಿ ಬೀಗ ಹಾಕಿ, ಮಾರಯ್ಯನಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದ. ಹೇಳದಿದ್ದರೂ ನಡೆಯುತ್ತಿತ್ತು.

ಮಾರಯ್ಯ ಕೆಮ್ಮು ಬರುವವರೆಗೆ ನಕ್ಕ. “ನಮ್ ಮನಲಿ ನಿಮ್ಮೋರ್ ಬಂದು ಎಣ್ಣಿನ್ ಶಾಸ್ತ್ರ ಮಾಡುದ್ರಾ! ನಮ್ಮಪ್ಪ ಇದ್ದಿದ್ರ ಒಂದ್ಸಲ ಎದ್ ಕೂತ್ಕಳೋನು ಬುಡಿ. ಕಾಫಿ ಕುಡುದ್ರಾ ಒಳ್ಗ?”

“ಆಚ್ಗ ನಿಂತ್ಕಂಡ್ ಕುಡುದ್ರು.”

“ಅದೂ ಸರಿನೇ.” ಮತ್ತೆ ನಕ್ಕ. “ಎಣ್ಣು ಒಪ್ತಾ?”

“ಇಲ್ಲ.”

“ನನ್ ಮನ ಸರಿಯಾಗಿಲ್ಲ ಅಂದ್ರಾ?”

“ಮನ ಚೆನ್ನಾಗದ ಮಾರಯ್ಯ. ಬಚ್ಚಲು ಚಿಕ್ದಾಯ್ತು ಅಂದ್ರು, ಅಷ್ಟೇಯ.”

ಮಾರನೆಯ ದಿನ ಬಸ್ಸಿನಲ್ಲಿ ಯಾರೂ ತಮಾಷೆ ಮಾಡಲಿಲ್ಲ. ಅದೇ ಕಷ್ಟವಾಯಿತು. ಎದುರು ಸೀಟಿನವಳು ಒಂದು ಬಾಳೆಹಣ್ಣು ಕೊಟ್ಟು, “ತಿನ್ನಣ್ಣ,” ಎಂದಳು. ಸಾವಿನ ಮನೆಯವರಿಗೆ ಕೊಡುವ ಹಾಗೆ.

ವಾರದ ಮೇಲೆ ಗೇಟಿನ ಹತ್ತಿರ ಅವನು ಬಸ್ಸಿನೊಳಗೆ ಕೂತಿದ್ದಾಗ ಫೋನು ಬಂತು. ದಾಕ್ಷಾಯಿಣಿ. ಅವಳ ಹಿಂದೆ ಅಂಗಡಿಯ ಗದ್ದಲ.

“ದೂರ ಆಯ್ತದ, ಬ್ಯಾಡ ಅಂತ ನಮ್ಮಪ್ಪಂಗ ಏಳಿವ್ನಿ. ಮನ ವಿಚಾರ ಏಳಿಲ್ಲ. ಪುಟ್ಟಮಲ್ಲಪ್ಪ ಬಂದ್ರ ನೀವೂ ಅಂಗೇ ಅನ್ನಿ.”

“ಆಗ್ಲಿ. ದೊಡ್ ಮನ್ಸು ನಿಮ್ದು.”

“ದೊಡ್ಡದೂ ಇಲ್ಲ, ಚಿಕ್ಕದೂ ಇಲ್ಲ.” ಯಾರಿಗೋ ಚಿಲ್ಲರೆ ಕೊಟ್ಟ ಸದ್ದಾಯಿತು. “ಒಂದ್ ಏಳ್ತೀನಿ. ಅವತ್ತು ನೀವು ಊಂ, ಕರೀತಿದ್ದಿ ಅಂದಿದ್ರ ನಾ ಎಲ ಮುಂದ ಕೂತ್ಕತಿದ್ದಿ.”

“ಸುಳ್ಳು ಅಂದ್ಕಳ್ತಿರ್ಲಿಲ್ವಾ?”

“ಅಂದ್ಕಳ್ತಿದ್ದಿ. ಆದ್ರೂ ಕೂತ್ಕತಿದ್ದಿ. ನನ್ಗೂ ಮೂವತ್ನಾಕು.”

ಮಾದಸ್ವಾಮಿ ಸ್ಟೇರಿಂಗು ಹಿಡಿದುಕೊಂಡ. ಬಸ್ಸು ನಿಂತೇ ಇತ್ತು. “ಈಗ?” ಎಂದ.

“ಈಗ ಏನು? ನಿಜ ಏಳಾಯ್ತು, ಕೇಳಾಯ್ತು. ಅದ್ನ ಎಲ್ಲಿಡನ?” ಎಂದಳು. ಆಮೇಲೆ, “ಊಟ ಆಯ್ತಾ?” ಎಂದಳು, ಯಾರನ್ನಾದರೂ ಕೇಳುವ ಹಾಗೆ. ಆಯ್ತು ಎಂದ. ಆಗಿರಲಿಲ್ಲ.

ಯುಗಾದಿಗೆ ಇನ್ನು ಹದಿನೈದು ದಿನ ಇರುವಾಗ ಪುಟ್ಟಮಲ್ಲಪ್ಪ ಹಗೆ ಮರೆತು ಮತ್ತೆ ಬಂದ. ಗೋಪಿನಾಥಂ ಕಡೆ ಒಂದು ಹೆಣ್ಣಿದೆ, ಅವರಿಗೆ ಮನೆಗಿನೆ ನೋಡುವ ಪದ್ಧತಿಯೇ ಇಲ್ಲ, ಸಾಮೂಹಿಕ ಮದುವೆಯಲ್ಲಿ ತಾಳಿ ಕಟ್ಟಿಬಿಟ್ಟರೆ ಪಟ್ಟಿ ಹೊತ್ತಿಗೆ ಎಲ್ಲ ಮುಗಿದಿರುತ್ತದೆ ಎಂದ. ಶಾಂತಮೂರ್ತಿಯೂ ಒತ್ತಾಯಿಸಿದ. ಪವಿತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

“ಬ್ಯಾಡ,” ಎಂದ ಮಾದಸ್ವಾಮಿ. “ಆ ಎಣ್ಣು ಕೇಳುದ್ರೂ ನಾ ಅದ್ನೇ ಏಳ್ಬೇಕಾಯ್ತದ.”

“ಅದು ಕೇಳಲ್ಲ ಕಣ್ಲಾ! ಅದ್ಕ ಕನ್ನಡನೇ ಸರಿಯಾಗಿ ಬರಲ್ಲ, ತಮಿಳು!”

“ಕೇಳ್ದಿದ್ರೂವ.”

ಪುಟ್ಟಮಲ್ಲಪ್ಪ ಶಾಂತಮೂರ್ತಿಯ ಕಡೆ ತಿರುಗಿ, “ನಿಮ್ಮಣ್ಣಂಗ ತಾಯ್ತ ಕಟ್ಸು,” ಎಂದು ಚಪ್ಪಲಿ ಮೆಟ್ಟಿಕೊಂಡ.

ಎರಡನೇ ಪಟ್ಟಿ ಬಂತು, ಅದರಲ್ಲಿ ಅವನ ಹೆಸರಿರಲಿಲ್ಲ. ಮುಂದಿನ ತಿಂಗಳು ಫ್ಯಾಕ್ಟರಿಯವರು ಬಸ್ಸು ನಿಲ್ಲಿಸುವ ಅಂಗಳದಲ್ಲಿ ಯಾರಾದರೂ ಉಳಿಯುವವರು ಬೇಕೆಂದರು. ಒಂಟಿ ಆಳಾದರೆ ಒಳ್ಳೆಯದು ಎಂದರು. ತಗಡಿನ ಒಂದು ಕೋಣೆ, ಒಂದು ನಲ್ಲಿ. ಮಾದಸ್ವಾಮಿ ತನ್ನ ಹಾಸಿಗೆ ಸುತ್ತಿಕೊಂಡು ಹೊರಟ. ಪವಿತ್ರ ಸಾರಿನ ಪುಡಿ ಕಟ್ಟಿಕೊಟ್ಟಳು. “ಭಾನ್ವಾರ ಉಣ್ಣಕ ಬನ್ನಿ ಬಾವ,” ಎಂದಳು. ಅವನು ಬಾಗಿಲು ದಾಟಿದ ಮೇಲೆ ನಡುಮನೆಯಲ್ಲಿ ಟಿವಿ ಶುರುವಾದದ್ದು ಅವನಿಗೆ ಕೇಳಿಸಿತು. ಅದರಲ್ಲಿ ತಪ್ಪೇನೂ ಇಲ್ಲವೆಂದು ಅವನಿಗೂ ಗೊತ್ತಿತ್ತು.

ಕೋಣೆಗೆ ಒಳಗಿನಿಂದ ಚಿಲಕವಿದೆ. ಮೊದಲ ವಾರ ಅವನು ಅದನ್ನು ಹಾಕಿಕೊಂಡೇ ಮಲಗಿದ. ಆಮೇಲೆ, ಬರುವವರು ಯಾರೂ ಇಲ್ಲದಲ್ಲಿ ಚಿಲಕ ಯಾಕೆಂದು ಸುಮ್ಮನೆ ಬಾಗಿಲು ಮುಂದೆ ಮಾಡಿಕೊಂಡು ಮಲಗತೊಡಗಿದ.

ಭಾನುವಾರ ಫ್ಯಾಕ್ಟರಿಗೆ ರಜೆ. ಅಂಗಳದಲ್ಲಿ ನಾಯಿಯೂ ಇರುವುದಿಲ್ಲ. ತಮ್ಮನ ಮನೆಗೆ ಒಂದು ವಾರ ಹೋದರೆ ಎರಡು ವಾರ ಬಿಡುತ್ತಾನೆ. ಬೆಳಿಗ್ಗೆ ಎದ್ದು ಬಸ್ಸು ತೊಳೆಯುತ್ತಾನೆ. ಸೀಟಿನ ಸಂದಿಯಲ್ಲಿ ಬಾಡಿದ ಮಲ್ಲಿಗೆ, ಕೂದಲ ಕ್ಲಿಪ್ಪು, ಎಲ್ಲೋ ಒಂದು ಓಲೆಯ ತಿರುಪು ಸಿಗುತ್ತದೆ. ಹೂವನ್ನು ಗುಡಿಸಿ, ಮಿಕ್ಕದ್ದನ್ನು ಒರೆಸಿ ಸ್ಟೇರಿಂಗಿನ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಾನೆ. ಸೋಮವಾರ ಹತ್ತುವಾಗ ಅವರವರದನ್ನು ಅವರವರು ತೆಗೆದುಕೊಂಡು ಹೋಗಿ ಕೂರುತ್ತಾರೆ.